ಬಾವಿಯಲ್ಲಿ ಎಷ್ಟು ಉಂಟು?

ನಮ್ಮ ಮಡಂತ್ಯಾರು ಕಡೆ ಮಾರ್ಚ್ ಕಳೆದ ಮೇಲೆ ಒಬ್ಬರನ್ನೊಬ್ಬರು ಕೇಳಬಾರದ ಪ್ರಶ್ನೆ ಒಂದುಂಟು: "ನಿಮ್ಮ ಬಾವಿಯಲ್ಲಿ ಎಷ್ಟು ಉಂಟು?" ಪೆನ್ಶನ್ ಎಷ್ಟು ಬರುತ್ತದೆ ಎಂದು ಕೇಳಬಹುದು, ಮಗಳಿಗೆ ಗಂಡು ಗೊತ್ತಾಯಿತೇ ಎಂದೂ ಕೇಳಬಹುದು, ಯಾರಿಗೂ ಬೇಜಾರಿಲ್ಲ. ಬಾವಿಯ ವಿಷಯ ಮಾತ್ರ ಗುಟ್ಟು. ನೀರಿದ್ದವನು "ಎಂತ ಉಂಟು ಮಾರಾಯ್ರೆ, ತಳ ಕಾಣ್ತಾ ಉಂಟು" ಅನ್ನುತ್ತಾನೆ. ಎಲ್ಲಾದರೂ ನೆರೆಕರೆಯವರು ಪೈಪು ಹೆಗಲಿಗೇರಿಸಿಕೊಂಡು ಬಂದಾರು ಎಂಬ ಹೆದರಿಕೆ. ನೀರಿಲ್ಲದವನು "ಧಾರಾಳ ಉಂಟು, ಮಳೆ ಬರುವ ತನಕ ತೊಂದರೆ ಇಲ್ಲ" ಅನ್ನುತ್ತಾನೆ. ಅವನ ಮಗನಿಗೆ ಆ ವರ್ಷ ಹುಡುಗಿ ನೋಡುತ್ತಿರುತ್ತಾರೆ. ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ನಮ್ಮ ಊರಿನ ಅಂತರ್ಜಲದ ಮಟ್ಟ ತಿಳಿಯಬೇಕಾದರೆ ಹೇಳಿದ್ದನ್ನು ತಲೆಕೆಳಗು ಮಾಡಿ ಓದಬೇಕು.

ಹೀಗಿದ್ದೂ ಈಚೆಗೆ ಒಂದು ಭಾನುವಾರ ಇಗರ್ಜಿಯಿಂದ ಪೂಜೆ ಮುಗಿಸಿ ಬಂದ ನಮ್ಮ ನೆರೆಮನೆಯ ಪೊರ್ಬುಗಳು ಇಸ್ತ್ರಿ ಅಂಗಿಯನ್ನೂ ಬದಲಾಯಿಸದೆ ಸೀದಾ ಬೇಲಿಯ ತಡಮೆಯ ಹತ್ತಿರ ಬಂದು ನಿಂತು ಕೇಳಿಯೇಬಿಟ್ಟರು.

"ಮಾಷ್ಟ್ರೆ, ನಿಮ್ಮ ಬಾವಿಯಲ್ಲಿ ಎಷ್ಟು ಉಂಟು?"

"ಉಂಟು, ಸ್ವಲ್ಪ" ಅಂದೆ. ಇದು ಎರಡೂ ಕಡೆಗೆ ಬಾಗುವ ಉತ್ತರ.

"ಸ್ವಲ್ಪವೂ ಇಲ್ಲ. ನಿನ್ನೆ ರಾತ್ರಿ ಎರಡು ಗಂಟೆಗೆ ನಿಮ್ಮ ಪಂಪು ಗಾಳಿ ಎಳೆದದ್ದು ನನಗೆ ಕೇಳಿದೆ."

ಪೂಜೆಯಿಂದ ಈಗ ತಾನೇ ಬಂದವರ ಎದುರು ಸುಳ್ಳು ಹೇಳುವುದು ಹೇಗೆ? ಒಪ್ಪಿಕೊಂಡೆ.

ಬೇಸಿಗೆಯ ರಾತ್ರಿ ನಮ್ಮ ಬೈಲಿನಲ್ಲಿ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ತ್ರೀಫೇಸ್ ಕರೆಂಟು ಬರುವುದು ದಿನಕ್ಕೆ ಇಷ್ಟು ಗಂಟೆ ಎಂದು ಲೆಕ್ಕ. ಅದರಲ್ಲಿ ಒಂದು ಪಾಲು ಜನ ಮಲಗಿದ ಮೇಲೆ. ಎಲ್ಲರ ಶೆಡ್ಡಿನಲ್ಲೂ ಆಟೋ ಸ್ಟಾರ್ಟರ್. ಕರೆಂಟು ಬಂದ ಕೂಡಲೇ ಮೇಲಿನ ಪೂಜಾರಿಯವರದ್ದು, ನನ್ನದು, ಪೊರ್ಬುಗಳದ್ದು, ಕೆಳಗಿನ ಶೆಟ್ರದ್ದು, ಅವರಾಚೆಯವರದ್ದು, ಎಲ್ಲ ಪಂಪೂ ಒಂದೇ ಹೊಡೆತಕ್ಕೆ ಎದ್ದು ನಿಲ್ಲುತ್ತವೆ. ಒಟ್ಟಿಗೆ ಎದ್ದ ಕಾರಣ ವೋಲ್ಟೇಜು ಕುಸಿದು ಒಟ್ಟಿಗೆ ಕೂತುಕೊಳ್ಳುತ್ತವೆ. ಪುನಃ ಏಳುತ್ತವೆ. ನನ್ನ ತಲೆ ಮೇಲಿನ ಫ್ಯಾನು ಅಷ್ಟೂ ಹೊತ್ತು ಸೆಖೆಯಲ್ಲಿ ಎಂತ ಮಾಡುವುದೆಂದು ತಿಳಿಯದೆ ನಿಧಾನಕ್ಕೆ ಕೈ ಬೀಸುತ್ತಿರುತ್ತದೆ. ಮಲಗಿದವರ ಒಂದು ಕಿವಿ ತಲೆದಿಂಬಿನ ಮೇಲೆ, ಇನ್ನೊಂದು ಕಿವಿ ತೋಟದಲ್ಲಿ. ನೀರಿನ ಸದ್ದಿಗೂ ಗಾಳಿಯ ಸದ್ದಿಗೂ ಇರುವ ವ್ಯತ್ಯಾಸ ನಿದ್ದೆಯಲ್ಲೂ ಗೊತ್ತಾಗುತ್ತದೆ.

ಪೊರ್ಬುಗಳ ಪಂಪು ಇನ್ನೂ ಒಂದು ಮೆಟ್ಟಿಲು ಮೇಲೆ. ಅದಕ್ಕೆ ಸಿಮ್ ಕಾರ್ಡು ಉಂಟು. ಫೋನು ಮಾಡಿದರೆ ಚಾಲು ಆಗುತ್ತದೆ, ಮತ್ತೆ ಮಾಡಿದರೆ ನಿಲ್ಲುತ್ತದೆ. ಮಗ ಕುವೈಟಿನಿಂದ ಬಂದಾಗ ಹಾಕಿಸಿಕೊಟ್ಟದ್ದು. ಅವನು ಅಲ್ಲಿ ಕೂತುಕೊಂಡೇ ಇಲ್ಲಿನ ತೋಟಕ್ಕೆ ನೀರು ಬಿಡಬಹುದು. "ಅಪ್ಪನಿಗಿಂತ ಪಂಪಿಗೇ ಹೆಚ್ಚು ಫೋನು ಮಾಡ್ತಾನೆ" ಎನ್ನುವುದು ಪೊರ್ಬುಗಳ ಹೆಂಡತಿ ಬಾಯಮ್ಮನ ದೂರು. ನನ್ನ ದೂರು ಬೇರೆ. ಕುವೈಟಿನಲ್ಲಿ ಒಂದು ಬೆರಳು ಒತ್ತಿದರೆ ಇಲ್ಲಿ ನನ್ನ ಬಾವಿ ಇಳಿಯುತ್ತದೆ.

ಯಾಕೆಂದರೆ ನಮ್ಮಿಬ್ಬರ ನಡುವೆ ಇರುವ ಬೇಲಿ ನೆಲದ ಮೇಲೆ ಮಾತ್ರ. ಮೂರು ಸಾಲು ಮುಳ್ಳು ತಂತಿ, ನಡುವೆ ಒಂದು ತಡಮೆ. ನೆಲದ ಅಡಿಯಲ್ಲಿ ಬೇಲಿ ಇಲ್ಲ, ಸರ್ವೆ ಕಲ್ಲು ಇಲ್ಲ, ಪಹಣಿ ಇಲ್ಲ. ಅವರ ಬಾವಿಗೂ ನನ್ನ ಬಾವಿಗೂ ಅರುವತ್ತು ಅಡಿ ದೂರ. ಇಬ್ಬರಿಗೂ ಒಂದೇ ಒರತೆ. ಅವರು ಎರಡು ಗಂಟೆ ಎಳೆದರೆ ನನ್ನ ಗೋಡೆಯ ಹಸಿ ಗೆರೆ ಒಂದು ಗೇಣು ಕೆಳಗೆ ಹೋಗಿರುತ್ತದೆ. ನಾನು ಎಳೆದರೆ ಅವರದ್ದು ಹೋಗುತ್ತದೆ. ಈ ಸತ್ಯ ಇಬ್ಬರಿಗೂ ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

"ನಾವಿಬ್ಬರೂ ಒಂದೇ ಲೋಟಕ್ಕೆ ಎರಡು ಸ್ಟ್ರಾ ಹಾಕಿ ಬೊಂಡ ಕುಡಿದ ಹಾಗೆ ಮಾಡ್ತಾ ಇದ್ದೇವೆ ಮಾಷ್ಟ್ರೆ" ಅಂದರು ಪೊರ್ಬುಗಳು. "ಯಾರು ಜೋರು ಎಳೆದರೆ ಅವರಿಗೆ ಹೆಚ್ಚು."

ಮೂವತ್ತೆರಡು ವರ್ಷ ಗಣಿತ ಕಲಿಸಿದವನು ನಾನು. ಬೊಂಡದ ಹೋಲಿಕೆ ಸಾಕಾಗಲಿಲ್ಲ, ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಹಾಕಿದೆ. ನನ್ನ ಬಾವಿಯ ಬಾಯಿ 12 ಅಡಿ. ಅದರಲ್ಲಿ ಒಂದಡಿ ನೀರು ಅಂದರೆ ಹೆಚ್ಚುಕಡಿಮೆ 3,200 ಲೀಟರ್. ಒಂಬತ್ತು ಅಡಿಗೊಂದರಂತೆ ನೆಟ್ಟ ತೋಟದಲ್ಲಿ ಎಕ್ರೆಗೆ ಸುಮಾರು 550 ಅಡಿಕೆ ಮರ. ಬುಡಕ್ಕೆ ಪೈಪಿನಲ್ಲಿ ಬಿಡುವವರಿಗೆ ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುವುದು, ಮರವೊಂದಕ್ಕೆ ಸಲಕ್ಕೆ 175ರಿಂದ 200 ಲೀಟರ್, ಕಡು ಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ. ನಾಲ್ಕು ದಿನಕ್ಕೊಮ್ಮೆ 200 ಅಂತ ಹಿಡಿದರೆ ದಿನದ ಸರಾಸರಿ 50 ಲೀಟರ್, ಎಕ್ರೆಗೆ 27,500 ಲೀಟರ್, ಬಾವಿಯಲ್ಲಿ ಎಂಟೂವರೆ ಅಡಿ. ಅದೇ ಹನಿ ನೀರಾವರಿಗೆ ಅವರೇ ಹೇಳುವ ಲೆಕ್ಕ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ಎಕ್ರೆಗೆ 11,000 ಲೀಟರ್. ಬಾವಿಯಲ್ಲಿ ಮೂರೂವರೆ ಅಡಿಗೂ ಕಡಿಮೆ. ಮರ ಅದೇ, ಮಣ್ಣು ಅದೇ, ಸೂರ್ಯನೂ ಅವನೇ. ನಡುವಿನ ಐದಡಿ ನೀರು ನಮ್ಮ ಪೈಪಿನದ್ದು.

ಪೊರ್ಬುಗಳು ಕ್ಯಾಲೆಂಡರನ್ನು ದೂರ ಹಿಡಿದು ಓದಿದರು. "ಲೆಕ್ಕ ಸರಿ" ಅಂದರು. "ಆದರೆ ಡ್ರಿಪ್ಪಿನ ಕಣ್ಣು ಕಟ್ಟಿಕೊಂಡರೆ ನಿಮ್ಮ ಸಂಸ್ಥೆಯವರು ಬಂದು ಸೂಜಿ ಹಾಕ್ತಾರಾ?"

ಅದೂ ಮಾತೇ. ನಮ್ಮ ಮುರಕಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ, ಕೆಂಪು ಕೆಸರಿನ ಹಾಗೆ ಕೂತು ಡ್ರಿಪ್ಪರಿನ ಬಾಯಿ ಮುಚ್ಚುತ್ತದೆ. ಮುಚ್ಚದಿದ್ದರೆ ಅಳಿಲು ಕಡಿಯುತ್ತದೆ. ಅಳಿಲು ಬಿಟ್ಟದ್ದನ್ನು ಹಂದಿ ಎತ್ತಿ ಹಾಕುತ್ತದೆ. ಎಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದು, ಅದನ್ನು ಯಾರೂ ಹೇಳುವುದಿಲ್ಲ: ಡ್ರಿಪ್ಪು ನೋಡಲು ಚಂದ ಇಲ್ಲ. ಸಂಜೆ ಹೊತ್ತು ಜೆಟ್ ತಿರುಗುತ್ತಾ ಇದ್ದರೆ ತೋಟಕ್ಕೆ ಮಳೆ ಬಂದ ಹಾಗೆ, ಅದರ ನಡುವೆ ಲುಂಗಿ ಎತ್ತಿ ಕಟ್ಟಿ ನಿಂತರೆ ಹೊಟ್ಟೆ ತುಂಬುತ್ತದೆ. ಡ್ರಿಪ್ಪು ಅಂದರೆ ಆಸ್ಪತ್ರೆಯ ಗ್ಲೂಕೋಸಿನ ಹಾಗೆ. ನೀರು ಹೋಗುತ್ತಾ ಉಂಟೋ ಇಲ್ಲವೋ ಎಂದು ಪ್ರತಿ ಮರದ ಬುಡಕ್ಕೆ ಹೋಗಿ ಬಗ್ಗಿ ನೋಡಬೇಕು. ಹತ್ತು ಎಚ್‌ಪಿ ತನಕ ಪಂಪಿಗೆ ಬಿಲ್ಲಿಲ್ಲ. ಬಿಲ್ಲಿಲ್ಲದವನಿಗೆ ಬಗ್ಗುವ ಅಗತ್ಯ ಏನು? ಸರಕಾರ ಕೊಟ್ಟ ಉಚಿತವನ್ನು ನಾನೂ ಅನುಭವಿಸುತ್ತಿದ್ದೇನೆ, ಬೇಡ ಎಂದು ಅರ್ಜಿ ಹಾಕಿಲ್ಲ. ಆದರೆ ಗಂಟೆಗೆ ಹತ್ತು ರೂಪಾಯಿ ಬಿದ್ದಿದ್ದರೆ ನನ್ನ ಕೈಗೆ ಸ್ವಿಚ್ಚು ಬೇಗ ನೆನಪಾಗುತ್ತಿತ್ತು ಎಂಬುದೂ ನಿಜ.

ಕ್ಯಾಲೆಂಡರಿನ ಹಿಂಬದಿ ಇನ್ನೂ ಅರ್ಧ ಖಾಲಿ ಇತ್ತು. ಮಳೆಯ ಲೆಕ್ಕವನ್ನೂ ಹಾಕಿದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಒಂದು ಎಕ್ರೆಯ ಮೇಲೆ ಅಷ್ಟು ಬಿದ್ದರೆ 1 ಕೋಟಿ 60 ಲಕ್ಷ ಲೀಟರ್. ಅದೇ ಎಕ್ರೆಯ ಅಡಿಕೆಗೆ ಡಿಸೆಂಬರಿನಿಂದ ಮೇ ತನಕ ದಿನಕ್ಕೆ 11,000ದಂತೆ ಆರು ತಿಂಗಳು ಕೊಟ್ಟರೂ 20 ಲಕ್ಷ ಲೀಟರ್. ಎಂಟರಲ್ಲಿ ಒಂದು ಪಾಲು! ಕೋಲಾರದವರು ಈ ಲೆಕ್ಕ ನೋಡಿದರೆ ನಮ್ಮ ಮೇಲೆ ಕೇಸು ಹಾಕಿಯಾರು. ಎಂಟು ಲೋಟ ತುಂಬಿಸಿ ಕೊಟ್ಟರೆ ಏಳನ್ನು ಚೆಲ್ಲಿ, ಎಂಟನೆಯದನ್ನು ಹುಡುಕಿಕೊಂಡು ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ತಿರುಗುವ ಜನ ನಾವು.

ಚೆಲ್ಲುವುದು ಹೇಗೆ ಎಂದರೆ, ಮೊದಲನೆಯದಾಗಿ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಬಿದ್ದು ಮುಗಿಯುತ್ತದೆ. ಗುಡ್ಡೆಯ ನೀರು ತೋಡಿಗೆ, ತೋಡಿನ ನೀರು ಹೊಳೆಗೆ, ಹೊಳೆ ಸಮುದ್ರಕ್ಕೆ. ಇಳಿಜಾರು ಊರು. ನಿಲ್ಲು ಎಂದು ಹೇಳುವವರಿಲ್ಲದಿದ್ದರೆ ನೀರು ಯಾಕೆ ನಿಲ್ಲುತ್ತದೆ? ಹಿಂದೆ ನಿಲ್ಲು ಎನ್ನುತ್ತಿದ್ದದ್ದು ಗದ್ದೆ. ಬೈಲು ಗದ್ದೆ, ಮಜಲು ಗದ್ದೆ, ಬೆಟ್ಟು ಗದ್ದೆ ಎಂದು ಮೂರು ಮೆಟ್ಟಿಲು. ಏಣೆಲು ಬೆಳೆಗೆ ಮೂರರಲ್ಲೂ ಮಳೆಗಾಲವಿಡೀ ನೀರು ಕಟ್ಟಿ ನಿಲ್ಲಿಸುತ್ತಿದ್ದರು. ಆಮೇಲೆ ಮಜಲಿನಲ್ಲಿ ಸುಗ್ಗಿ. ಬೈಲಿನಲ್ಲಿ ಬೇಸಿಗೆಗೆ ಕೊಳಕೆ. ಗದ್ದೆ ಎಂಬುದು ಅಕ್ಕಿ ಬೆಳೆಯುವ ಜಾಗ ಮಾತ್ರ ಆಗಿರಲಿಲ್ಲ. ನಾಲ್ಕು ತಿಂಗಳು ನೀರನ್ನು ನೆಲಕ್ಕೆ ಕುಡಿಸುವ ತಟ್ಟೆ ಆಗಿತ್ತು. ಈಗ ನಮ್ಮ ಬೈಲಿನಲ್ಲಿ ಗದ್ದೆ ಅಂತ ಉಳಿದದ್ದು ಶೆಟ್ರ ಎರಡು ಮುಡಿ ಜಾಗ. ಅದೂ ಅವರ ತಾಯಿ ಇದ್ದಾರೆ ಎಂಬ ಕಾರಣಕ್ಕೆ. ಉಳಿದದ್ದಕ್ಕೆಲ್ಲ ಮಣ್ಣು ಹಾಕಿ, ಕಣಿ ತೆಗೆದು, ಬಿದ್ದ ನೀರು ಒಂದು ಗಂಟೆಯೂ ನಿಲ್ಲದ ಹಾಗೆ ಮಾಡಿ ಅಡಿಕೆ ನೆಟ್ಟೆವು. ಅಡಿಕೆಗೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ, ಬೇಸಿಗೆಯಲ್ಲಿ ನೀರಿಲ್ಲದಿದ್ದರೂ ಆಗುವುದಿಲ್ಲ. ಇಂಥ ನಾಜೂಕಿನವರು ಮನೆಯಲ್ಲಿ ಒಬ್ಬರಿದ್ದರೆ ಸುಧಾರಿಸಬಹುದು, ಇಡೀ ಬೈಲು ಅವರೇ ಆದರೆ ಕಷ್ಟ. ಕುಡಿಸುವವರನ್ನು ಕಳುಹಿಸಿ ಕುಡಿಯುವವರನ್ನು ಕೂರಿಸಿದೆವು. ಇದರಲ್ಲಿ ನಾನೂ ಸೇರಿದ್ದೇನೆ. ನನ್ನ ಮುಕ್ಕಾಲು ಎಕ್ರೆ ಬೈಲು ಅಡಿಕೆಯಾದದ್ದು ಅಡಿಕೆಗೆ ಒಳ್ಳೆ ರೇಟು ಬಂದ ವರ್ಷವೇ.

"ಕಟ್ಟ ಇತ್ತಲ್ಲ ಆಗ" ಅಂದರು ಪೊರ್ಬುಗಳು.

ಇತ್ತು. ಅವರು ಹೇಳಿದ ಕೂಡಲೇ ಇಬ್ಬರೂ ತೋಡಿನ ಕಡೆ ನೋಡಿದೆವು. ತೋಡಿನಲ್ಲಿ ಈಗ ಒಣ ಮರಳು, ಒಂದು ಹರಿದ ಚಪ್ಪಲಿ. ನಾವು ಹುಡುಗರಿದ್ದಾಗ ಮಳೆ ಪೂರ್ತಿ ಬಿಟ್ಟು ತೋಡಿನ ನೀರು ಮೊಣಕಾಲಿಗೆ ಇಳಿದದ್ದೇ ಕಟ್ಟ ಕಟ್ಟುವ ಕೆಲಸ ಸುರು. ಎರಡು ಸಾಲು ಗೂಟ ಹೊಡೆದು, ಅಡಿಕೆ ಮರದ ಸಲಿಕೆ ಅಡ್ಡ ಕಟ್ಟಿ, ನಡುವೆ ಸೊಪ್ಪು, ಬೈಹುಲ್ಲು, ಅದರ ಮೇಲೆ ಅಂಟು ಮಣ್ಣು ತುಳಿದು ತುಂಬುವುದು. ಮೆಟ್ಟಿ ಮೆಟ್ಟಿ ಗಟ್ಟಿ ಮಾಡುವ ಕೆಲಸ ಮಕ್ಕಳಿಗೆ. ಶಾಲೆಗೆ ರಜೆ ಕೇಳಿದರೆ ಮಾಷ್ಟ್ರು ಕೊಡುತ್ತಿದ್ದರು, ಅವರ ಗದ್ದೆಯೂ ಅದೇ ತೋಡಿನ ಬದಿಯಲ್ಲಿತ್ತು. ಮಾರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ತೋಡು ಹಿಂದಕ್ಕೆ ತುಂಬಿಕೊಂಡು ಹೋಗಿರುತ್ತಿತ್ತು, ಈಜಲಿಕ್ಕೆ ಆಗುವಷ್ಟು. ವಾರ ಕಳೆಯುವಾಗ ಎರಡೂ ದಡದ ಬಾವಿಗಳು ಮೇಲೆ ಬರುತ್ತಿದ್ದವು. ಪಂಪಿಲ್ಲ, ಪೈಪಿಲ್ಲ. ತೋಟದ ಕಣಿಗೆ ನೀರು ತಾನಾಗಿ ಹರಿಯುತ್ತಿತ್ತು. ಕಣಿಯಲ್ಲಿ ನಿಂತು ಹಾಳೆಯಲ್ಲಿ ಮರದ ಬುಡಕ್ಕೆ ತೋಕಿದರೆ ಆಯಿತು. ಜೂನಿನ ಮೊದಲ ದೊಡ್ಡ ಮಳೆಗೆ ಕಟ್ಟ ತೊಳೆದುಹೋಗುತ್ತಿತ್ತು. ಅದಕ್ಕೆ ಯಾರೂ ಅಳುತ್ತಿರಲಿಲ್ಲ, ಹೋಗಲಿಕ್ಕೆಂದೇ ಕಟ್ಟಿದ್ದು. ಮಳೆಗಾಲದಲ್ಲಿ ನಿಂತರೆ ಶೆಟ್ರ ಗದ್ದೆ ಮುಳುಗುತ್ತಿತ್ತು.

ಕಟ್ಟದ ಸುಖ ಒಂದೇ ಕಟ್ಟದಲ್ಲಿ ಇರಲಿಲ್ಲ. ಮೇಲೆ ಪೂಜಾರಿಯವರ ಹತ್ತಿರ ಒಂದು, ಇಲ್ಲಿ ಒಂದು, ಕೆಳಗೆ ಒಂದು, ಹೀಗೆ ಸಾಲಾಗಿ ಇರಬೇಕು. ಮೇಲಿನ ಕಟ್ಟದಿಂದ ಜಿನುಗಿದ್ದು ಕೆಳಗಿನದಕ್ಕೆ. ಪೂರ್ತಿ ಬಂದೋಬಸ್ತು ಮಾಡಿದರೆ ಕೆಳಗಿನವರು ಬೆಳಿಗ್ಗೆಯೇ ಬಂದು ಕೂಗುತ್ತಿದ್ದರು. ಹಾಗಾಗಿ ಒಳ್ಳೆಯ ಕಟ್ಟ ಅಂದರೆ ಸ್ವಲ್ಪ ಸೋರುವ ಕಟ್ಟ. ಎಷ್ಟು ಸೋರಬೇಕು ಎಂಬುದು ಎಂಜಿನಿಯರಿನ ಪುಸ್ತಕದಲ್ಲಿಲ್ಲ, ಕೆಳಗಿನ ಮನೆಯವರ ಮುಖದಲ್ಲಿತ್ತು. ಕಾಸರಗೋಡಿನ ಏತಡ್ಕದ ಕಡೆ ಈಗಲೂ ಸಾಲುಕಟ್ಟ ಕಟ್ಟುವವರಿದ್ದಾರೆ. ಅಡಿಕೆ ಪತ್ರಿಕೆಯ ಶ್ರೀಪಡ್ರೆಯವರು ಇದನ್ನೇ ಬರೆದು ಬರೆದು ನಮಗೆಲ್ಲ ನೆನಪು ಮಾಡಿಸಿದ್ದಾರೆ. ನಾವು ಓದಿ, ಹೌದು ಹೌದು ಎಂದು ತಲೆಯಾಡಿಸಿ, ಪತ್ರಿಕೆಯನ್ನು ಮಡಚಿಟ್ಟು ಬೋರಿನ ಲಾರಿಗೆ ಫೋನು ಮಾಡಿದ್ದೇವೆ.

ಆದರೆ ಆ ಕಾಲ ಬಲು ಚಂದ ಇತ್ತು ಎಂದು ಹೇಳಲು ಹೊರಟರೆ ನನ್ನ ನಾಲಿಗೆ ಸ್ವಲ್ಪ ತಡೆಯುತ್ತದೆ. ಕಟ್ಟಕ್ಕೆ ಆಳು ಸೇರಿಸುತ್ತಿದ್ದದ್ದು ಧಣಿ. ಒಕ್ಕಲುಗಳು ಬರಲೇಬೇಕು. ಕೂಲಿ ಒಂದು ಊಟ, ಕೆಲವು ಕಡೆ ಅದೂ ಇಲ್ಲ. ಮೊದಲು ನೀರು ಧಣಿಯ ತೋಟಕ್ಕೆ. 1974ರ ಭೂಸುಧಾರಣೆಯ ನಂತರ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಪೊರ್ಬುಗಳ ಅಪ್ಪ ಒಡೆಯರಾದದ್ದೂ ಹಾಗೆಯೇ. ಒಡೆಯರಾದವರಿಗೆ ಕೆಸರು ತುಳಿಯಲು ಬಾ ಎಂದು ಹೇಳುವವರು ಯಾರು? ಅಷ್ಟರಲ್ಲಿ ಡೀಸೆಲ್ ಎಂಜಿನ್ ಬಂತು, ಹಿಂದಿನಿಂದ ಕರೆಂಟು ಬಂತು. ಒಬ್ಬನೇ ಒಂದು ಸ್ವಿಚ್ಚಿನಲ್ಲಿ ಮಾಡಬಹುದಾದ ಕೆಲಸಕ್ಕೆ ಇಪ್ಪತ್ತು ಜನರ ಮರ್ಜಿ ಯಾಕೆ ಎಂದು ಎಲ್ಲರಿಗೂ ಅನಿಸಿತು. ಧಣಿಯನ್ನು ಬಿಟ್ಟದ್ದು ಸರಿ. ಜೊತೆಗೆ ಕಟ್ಟವನ್ನೂ ಬಿಟ್ಟೆವು. ಧಣಿಯಿಲ್ಲದ ಕಟ್ಟ ಹೇಗೆ ಕಟ್ಟುವುದು ಎಂದು ಕೂತು ಮಾತಾಡಲೇ ಇಲ್ಲ.

ನೀರು ಹಂಚಿಕೊಳ್ಳುವುದು ಹೇಗೆ ಎಂದು ಘಟ್ಟದ ಮೇಲಿನವರು ಮಾತಾಡಿದ್ದಾರೆ. ಅಲ್ಲಿ ಕೆರೆಗೆ ನೀರುಗಂಟಿ ಎಂಬವನಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಹೇಳುವುದು ಅವನ ಕೆಲಸ. ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದಲ್ಲಿದ್ದಾಗ ನೀರಾ ನಾಲೆಗೆ ಬ್ಲಾಕ್ ಪದ್ಧತಿ ತಂದರು. ಎಲ್ಲರೂ ಎಲ್ಲ ಕಡೆ ಬೇಕಾಬಿಟ್ಟಿ ನೀರು ಎಳೆಯುವುದನ್ನು ಬಿಟ್ಟು, ಇಂಥ ತುಂಡು ಜಾಗಕ್ಕೆ ಇಂತಿಷ್ಟು, ಅದರಲ್ಲಿ ಬೆಳೆಯನ್ನೂ ಸರದಿಯಲ್ಲಿ ಬದಲಿಸಬೇಕು ಎಂಬ ಏರ್ಪಾಡು. ಮಂಡ್ಯದಲ್ಲಿ ಕನ್ನಂಬಾಡಿ ತುಂಬದ ವರ್ಷ ನಾಲೆಗೆ ಕೆಲವು ದಿನ ನೀರು ಬಿಡುವುದು, ಕೆಲವು ದಿನ ನಿಲ್ಲಿಸುವುದು. ಅದಕ್ಕೆ ಅವರು ಕಟ್ಟು ಪದ್ಧತಿ ಎನ್ನುತ್ತಾರೆ. ನಮ್ಮದು ಕಟ್ಟ, ಅವರದು ಕಟ್ಟು. ಒತ್ತಕ್ಷರ ಒಂದೇ, ನಮ್ಮಲ್ಲಿ ಪದ್ಧತಿ ಮಾತ್ರ ಇಲ್ಲ. ನಮಗೆ ನಾಲೆಯಿಲ್ಲ, ನೀರುಗಂಟಿಯಿಲ್ಲ. ಇರುವುದು ಈ ಬೇಲಿ, ಅದರ ಎರಡು ಬದಿಯಲ್ಲಿ ಪೊರ್ಬು ಮತ್ತು ನಾನು.

ಹೊಳೆಬದಿಯ ತೋಟದವರ ಪಾಡು ಇನ್ನೂ ಬೇರೆ. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದ ವರ್ಷ ಮಂಗಳೂರಿಗೆ ಸರದಿಯಲ್ಲಿ ನೀರು. 2019ರಲ್ಲಿ ಹಾಗಾಯಿತು, 2023ರಲ್ಲೂ ಆಯಿತು. ಅಂಥ ಹೊತ್ತಿಗೆ, ನೇತ್ರಾವತಿಗೆ ಪಂಪಿಟ್ಟು ತೋಟಕ್ಕೆ ನೀರೆತ್ತಬೇಡಿ ಎಂದು ಆದೇಶ ಬರುತ್ತದೆ. ಪೇಟೆಯವರಿಗೆ ಕುಡಿಯಲಿಕ್ಕೆ, ನಮಗೆ ಅಡಿಕೆಗೆ. ಕುಡಿಯುವ ನೀರೇ ಮೊದಲು, ಅದರಲ್ಲಿ ತಕರಾರಿಲ್ಲ. ಆದರೆ ಆ ಪೇಟೆಯಲ್ಲಿ ಪೈಪಿನಲ್ಲಿ ಕಾರು ತೊಳೆಯುವುದನ್ನು ನೋಡಿದ ಬಂಟ್ವಾಳದ ನನ್ನ ಭಾವ ವಾಪಸು ಬಂದು ಮೂರು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಆ 2019 ಮರೆಯುವ ವರ್ಷ ಅಲ್ಲ. ಮೇ ತಿಂಗಳಲ್ಲಿ ನೇತ್ರಾವತಿ ಎಷ್ಟು ಬತ್ತಿತ್ತೆಂದರೆ, ಕೆಲವು ದಿನ ಪ್ರವಾಸ ಮುಂದಕ್ಕೆ ಹಾಕಿ ಎಂದು ಧರ್ಮಸ್ಥಳದಿಂದ ಹೆಗ್ಗಡೆಯವರೇ ಭಕ್ತರಲ್ಲಿ ಕೇಳಿಕೊಂಡರು. ಅದಾಗಿ ಮೂರು ತಿಂಗಳಾಗಿರಲಿಲ್ಲ, ಆಗಸ್ಟ್ 9ಕ್ಕೆ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಕುಸಿದು ಅದೇ ಹೊಳೆಯ ಉಪನದಿಗಳು ತೋಟ, ಸೇತುವೆ, ಮನೆ ಎಂದು ನೋಡದೆ ನುಗ್ಗಿದವು. ಬೇಸಿಗೆಯಲ್ಲಿ ನೀರಿಲ್ಲದೆ ಒಣಗಿದ ಅಡಿಕೆ ಮರವನ್ನು ಮಳೆಗಾಲದಲ್ಲಿ ನೀರೇ ಬುಡಸಮೇತ ಕೊಂಡುಹೋಯಿತು. ಕಿಂಡಿ ಅಣೆಕಟ್ಟಿನ ಕಿಂಡಿಗಳಲ್ಲಿ ಮರದ ದಿಮ್ಮಿ ಸಿಕ್ಕಿಕೊಂಡು ಅವು ಕಿಂಡಿಯಿಲ್ಲದ ಅಣೆಕಟ್ಟುಗಳಾದವು. ಇಲ್ಲಿನ ನೀರನ್ನು ಘಟ್ಟದ ಆಚೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ವಿಷಯ ನಾನು ಇಲ್ಲಿ ಎತ್ತುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಉದ್ಘಾಟನೆ ಆದ ದಿನ ಪೊರ್ಬುಗಳೂ ನಾನೂ ಒಂದೂವರೆ ಗಂಟೆ ಜಗಳಾಡಿದ್ದೇವೆ, ಗಂಜಿ ತಣಿದು ಹೋಗಿತ್ತು.

ಕಿಂಡಿ ಅಣೆಕಟ್ಟು ಅಂದಾಗ ನೆನಪಾಯಿತು. ಪಶ್ಚಿಮ ವಾಹಿನಿ ಅಂತ ಯೋಜನೆ ಬಂದ ಮೇಲೆ ಜಿಲ್ಲೆಯಲ್ಲಿ ಹೊಸ ಕಿಂಡಿ ಅಣೆಕಟ್ಟುಗಳು ಎದ್ದಿವೆ, ಒಳ್ಳೆಯದೇ. ಕಟ್ಟದ ಬುದ್ಧಿಯನ್ನೇ ಕಾಂಕ್ರೀಟಿನಲ್ಲಿ ಇಳಿಸಿದ್ದು. ಮಳೆಗಾಲದಲ್ಲಿ ತೆರೆದಿರಬೇಕು, ಬೇಸಿಗೆಗೆ ಹಲಗೆ ಹಾಕಬೇಕು. ಕಾಂಕ್ರೀಟಿಗೆ ದುಡ್ಡು ಬರುತ್ತದೆ, ಹಲಗೆ ಹಾಕುವ ಕೈ ಬರುವುದಿಲ್ಲ. ನಮಗೆ ಹತ್ತಿರದ ಒಂದು ಅಣೆಕಟ್ಟಿಗೆ (ಯಾವುದು ಎಂದು ಬೇಡ, ಎಲ್ಲರಿಗೂ ತಮ್ಮ ಊರಿನದ್ದೇ ಎಂದು ಗೊತ್ತಾಗುತ್ತದೆ) ಒಂದು ವರ್ಷ ಹಲಗೆ ಹಾಕಿದ್ದು ಜನವರಿ ಕೊನೆಗೆ. ಆಗ ತೋಡಿನಲ್ಲಿ ಬೆರಳು ಗಾತ್ರದ ನೀರು. ನಿಲ್ಲಿಸಲಿಕ್ಕೆ ಹಲಗೆ ಯಾಕೆ, ಅಂಗೈ ಅಡ್ಡ ಇಟ್ಟರೆ ಸಾಕಿತ್ತು. ಇನ್ನೊಂದು ವರ್ಷ ಹಲಗೆ ತೆಗೆಯಲಿಕ್ಕೆ ಮರೆತು, ಮೊದಲ ಮಳೆಗೆ ಬದಿಯ ದರೆಯೇ ಕೊಚ್ಚಿಹೋಯಿತು. ಹಳೆಯ ಕಟ್ಟಕ್ಕೆ ಈ ತಾಪತ್ರಯ ಇರಲಿಲ್ಲ. ಅದಕ್ಕೆ ಹೋಗುವ ಹೊತ್ತು ಗೊತ್ತಿತ್ತು.

ಬೋರಿನ ಬಗ್ಗೆ ಹೇಳದೆ ಬಿಟ್ಟರೆ ಪೊರ್ಬುಗಳು ನಗುತ್ತಾರೆ. ಐದು ವರ್ಷದ ಹಿಂದೆ ನಾನೂ ಒಂದು ಹೊಡೆಸಿದೆ. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ನಡೆಯುವವರು ಬಂದು, ಕಾಯಿ ನೆಟ್ಟಗೆ ನಿಂತ ಜಾಗ ತೋರಿಸಿದರು. ಲಾರಿ ಬಂತು, ರಾತ್ರಿಯಿಡೀ ಊರಿಗೆ ನಿದ್ದೆಯಿಲ್ಲ, ಅಂಗಳದ ತುಳಸಿಯಿಂದ ಹಿಡಿದು ನನ್ನ ಕನ್ನಡಕದ ತನಕ ಬಿಳಿ ಹುಡಿ. 420 ಅಡಿಗೆ ನಿಲ್ಲಿಸಿದೆವು. ನೀರು ಬಂತು, ಎರಡು ಬೇಸಿಗೆ ಇತ್ತು, ಮೂರನೆಯದಕ್ಕೆ ಇಲ್ಲ. ಪೆನ್ಶನ್ನಿನ ಗಂಟು ಈಗ 420 ಅಡಿ ಆಳದಲ್ಲಿ ಭದ್ರವಾಗಿ ಉಂಟು, ಕಳ್ಳರ ಹೆದರಿಕೆ ಇಲ್ಲ.

ನೀರಿಗಾಗಿ ನೆಲ ಕೊರೆದವರೆಂದರೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು. ನಮ್ಮ ಪಕ್ಕದ ಬಂಟ್ವಾಳ ತಾಲೂಕಿನವರೇ. ಕೂಲಿ ಮಾಡಿಕೊಂಡಿದ್ದವರಿಗೆ ಸಿಕ್ಕಿದ್ದು ನೀರಿಲ್ಲದ ಬೋಳು ಗುಡ್ಡೆಯ ಎರಡು ಎಕ್ರೆ. ಹಗಲು ಕೂಲಿ, ಉಳಿದ ಹೊತ್ತಿನಲ್ಲಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಒಬ್ಬರೇ ಸುರಂಗ ಕೊರೆದರು. ಒಂದರಲ್ಲಿ ನೀರಿಲ್ಲ. ಎರಡರಲ್ಲಿ ಇಲ್ಲ. ಐದೂ ವ್ಯರ್ಥ. ಊರವರು ನಕ್ಕರು. ಆರನೆಯದರಲ್ಲಿ ನೀರು ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾನು ಅವರ ಕತೆಯಲ್ಲಿ ಆರನೆಯ ಸುರಂಗಕ್ಕಿಂತ ಹೆಚ್ಚು ನೆನಪಿಟ್ಟುಕೊಂಡದ್ದು ಅದರ ಆಮೇಲಿನದ್ದನ್ನು. ಸುರಂಗದ ನೀರು ತಾನಾಗಿ ಸಣ್ಣಗೆ ಬರುತ್ತದೆ, ಪಂಪು ಹಾಕಿ ಎಳೆಯಲಿಕ್ಕೆ ಇಲ್ಲ. ಬಂದದ್ದನ್ನು ಟಾಂಕಿಯಲ್ಲಿ ಹಿಡಿದು, ಅಷ್ಟಕ್ಕೆ ತಕ್ಕ ತೋಟ ಮಾಡಿದರು. ನಾವು ಮಾಡಿದ್ದು ತಿರುಗಾಮುರುಗಾ. ಮೊದಲು ತೋಟ, ಆಮೇಲೆ ನೀರಿನ ಯೋಚನೆ. ಎಷ್ಟು ಗಿಡ ಇಡಬೇಕೆಂದು ಏಪ್ರಿಲ್ ತಿಂಗಳ ಬಾವಿಯನ್ನು ಕೇಳಬೇಕಿತ್ತು. ನಾವು ಕೇಳಿದ್ದು ಆಗಸ್ಟ್ ತಿಂಗಳ ಬಾವಿಯನ್ನು, ಆಗ ಅದು ಬಾಯಿ ತನಕ ತುಂಬಿ ಎಲ್ಲದಕ್ಕೂ ಹೂಂ ಅನ್ನುತ್ತದೆ.

ಹರಟೆ ಇಲ್ಲಿಗೆ ಬರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಬಾಯಮ್ಮ ಎರಡು ಸಲ ಕರೆದಾಗಿತ್ತು. ನನ್ನ ಹೆಂಡತಿ ಪುನರ್ಪುಳಿ ಶರಬತ್ತು ತಂದು ತಡಮೆಯ ಮೇಲಿಟ್ಟು, "ಮಾತಾಡಿದ್ದು ಸಾಕು, ಎಂತಾದರೂ ತೀರ್ಮಾನ ಮಾಡಿ" ಎಂದು ಹೋದಳು.

ಹಾಗೆ ತೀರ್ಮಾನ ಆದದ್ದು ಇಷ್ಟು. ಸೋಮವಾರ, ಬುಧವಾರ, ಶುಕ್ರವಾರ ಪೊರ್ಬುಗಳ ಪಂಪು. ಮಂಗಳವಾರ, ಗುರುವಾರ, ಶನಿವಾರ ನನ್ನದು. ಭಾನುವಾರ ಒರತೆಗೆ ರಜೆ. ಇಬ್ಬರೂ ಆಟೋ ಸ್ಟಾರ್ಟರಿನ ವಯರು ಕಳಚುವುದು, ಕುವೈಟಿನ ಮಗನಿಗೆ ವಾರದ ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳುಹಿಸುವುದು. ಗುಡ್ಡೆ ಬದಿಯ ಮೂರು ವರ್ಷದ ಗಿಡಗಳಿಗೆ ಮೊದಲು ನೀರು, ಫಸಲು ಕೊಡುವ ಮರಗಳಿಗೆ ಆಮೇಲೆ, ಮುದಿ ಮರಗಳಿಗೆ ಉಳಿದರೆ. (ಅಡಿಕೆ ಮರ ಒಂದು ಬೇಸಿಗೆ ಒಣಗಿದರೆ ಎರಡು ಮೂರು ವರ್ಷ ಕೋಪ ಬಿಡುವುದಿಲ್ಲ. ಹಾಗೆಂದು ಮುದಿ ಮರಗಳ ಕೋಪಕ್ಕೆ ಹೆದರಿದರೆ ಗಿಡಗಳು ಸಾಯುತ್ತವೆ.) ಬಿದ್ದ ಸೋಗೆಯನ್ನು ರಾಶಿ ಹಾಕಿ ಸುಡುವ ಬದಲು ಬುಡಕ್ಕೆ ಮುಚ್ಚುವುದು. ನನ್ನ ಅರ್ಧ ತೋಟಕ್ಕೆ ಡ್ರಿಪ್ಪು ಉಂಟು, ಪೊರ್ಬುಗಳು ಒಂದು ಸಾಲಿಗೆ ಹಾಕಿ ನೋಡುತ್ತಾರಂತೆ. ಸೂಜಿ ಹಾಕುವ ಕೆಲಸ ನನ್ನದು ಎಂದು ಷರತ್ತು. ಒಪ್ಪಿದ್ದೇನೆ.

ಎರಡು ವಾರ ಆಯಿತು. ಹಸಿ ಗೆರೆ ಮೇಲೆ ಬಂದಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಳಿಯುವುದು ನಿಧಾನ ಆಗಿದೆ. ಪಂಪು ಗಾಳಿ ಎಳೆಯಲಿಲ್ಲ. ಒಂದು ಬುಧವಾರ ರಾತ್ರಿ ಮಾತ್ರ ನನ್ನದೇ ಕೈ ತಪ್ಪಿ ಸ್ವಿಚ್ಚಿಗೆ ಹೋಗಿತ್ತು. ಹತ್ತು ನಿಮಿಷಕ್ಕೆ ತಡಮೆಯ ಹತ್ತಿರ ಟಾರ್ಚಿನ ಬೆಳಕು ಬಂದು ನಿಂತಿತು. ಏನೂ ಕೇಳಲಿಲ್ಲ, ಸುಮ್ಮನೆ ನಿಂತಿತು. ಬಂದ್ ಮಾಡಿದೆ.

ಪೂಜಾರಿಯವರಿಗೂ ಶೆಟ್ರಿಗೂ ಹೇಳಿಯಾಗಿದೆ. ಡಿಸೆಂಬರಿನ ಮೊದಲ ಭಾನುವಾರ, ಇಗರ್ಜಿಯಲ್ಲಿ ಬೆಳಗ್ಗಿನ ಪೂಜೆ ಮುಗಿದ ಮೇಲೆ, ನಮ್ಮ ತೋಡಿಗೆ ಕಟ್ಟ. ಧಣಿ ಯಾರೂ ಇಲ್ಲ. ಅಂಟು ಮಣ್ಣು ತುಳಿಯುವವರು ಈಗ ಸಿಗುವುದಿಲ್ಲವಾದ್ದರಿಂದ ಮರಳು ಚೀಲದ್ದೇ ಕಟ್ಟ, ಸ್ವಲ್ಪ ಸೋರುವ ಹಾಗೆ. ಮುನ್ನೂರು ಖಾಲಿ ಸಿಮೆಂಟ್ ಚೀಲ ಬೇಕು, ಈ ತನಕ ಸೇರಿದ್ದು ನಲವತ್ತೊಂದು. ಮನೆ ಕಟ್ಟಿಸುತ್ತಿರುವ ಮಡಂತ್ಯಾರಿನವರು ಯಾರಾದರೂ ಇದನ್ನು ಓದಿದರೆ ಚೀಲಗಳನ್ನು ಸುಡಬೇಡಿ, ತೊಳೆದು ಮಡಚಿ ಇಟ್ಟಿರಿ. ನಾವೇ ಬಂದು ಕೊಂಡುಹೋಗುತ್ತೇವೆ.